ಮುಸ್ಸಂಜೆಗೆ ಮೊದಲೇ ಕೊರೆದಿಡಿ: ಹೆಪ್ಪುಗಟ್ಟಿದ ಸರೋವರದಲ್ಲಿ ವಾಲೈ ಹಿಡಿಯುವ ಬಗೆ

ಅಮೆರಿಕದ ಮಿನೆಸೋಟ, ಕೆನಡಾದ ಒಂಟಾರಿಯೊ ಮತ್ತು ಮ್ಯಾನಿಟೋಬಗಳ ನಡುವೆ ಹರಡಿಕೊಂಡಿರುವ ಸರೋವರ ಲೇಕ್ ಆಫ್ ದ ವುಡ್ಸ್. ಅದರ ದಕ್ಷಿಣಕ್ಕೆ, ರೇನಿ ನದಿಯ ದಡದಲ್ಲಿ ಬೌಡೆಟ್ ಎಂಬ ಪುಟ್ಟ ಊರಿದೆ. ಅಲ್ಲಿ 40 ಅಡಿ ಉದ್ದದ ಮೀನಿನ ಪ್ರತಿಮೆಯನ್ನೇ ನಿಲ್ಲಿಸಿದ್ದಾರೆ. ಆ ಮೀನೇ ವಾಲೈ.

ಬೆಕ್ಕಿನ ಕಣ್ಣಿನಂತೆ ವಾಲೈ ಕಣ್ಣಿನ ಹಿಂಭಾಗದಲ್ಲೂ ಬೆಳಕನ್ನು ಮರಳಿಸುವ ಪದರವಿದೆ. ಮಬ್ಬು ಬೆಳಕಿನಲ್ಲಿ ಅದಕ್ಕೆ ತನ್ನ ಬೇಟೆಗಿಂತ ಚೆನ್ನಾಗಿ ಕಾಣುತ್ತದೆ. ಹಾಗಾಗಿ ಬೆಳಗಿನ ನಸುಕು ಮತ್ತು ಮುಸ್ಸಂಜೆಯ ಒಂದೊಂದು ಗಂಟೆಯೇ ಮುಖ್ಯ. ಉಳಿದ ಹೊತ್ತು ತಯಾರಿಗೆ. ಈ ಸರೋವರದ ನೀರು ಚಹಾದ ಬಣ್ಣದ್ದಾದ್ದರಿಂದ ಹಗಲಿನಲ್ಲೂ ಅಷ್ಟಿಷ್ಟು ಸಿಗುತ್ತದೆನ್ನಿ.

ಮೊದಲು ಮಂಜುಗಡ್ಡೆಯ ಪರೀಕ್ಷೆ. ಹೊಸ, ಪಾರದರ್ಶಕ ಗಡ್ಡೆ ಕನಿಷ್ಠ 4 ಇಂಚು ದಪ್ಪವಿದ್ದರೆ ನಡೆಯಬಹುದು. ಹಿಮದ ಮೇಲೆ ಓಡುವ ಸ್ನೋಮೊಬೈಲ್ ಗಾಡಿಗೆ 5ರಿಂದ 7 ಇಂಚು ಬೇಕು. ಹಿಮ ಬೆರೆತು ಬೆಳ್ಳಗಾದ ಗಡ್ಡೆಯ ಬಲ ಇದರ ಅರ್ಧದಷ್ಟೇ, ದಪ್ಪ ಎರಡರಷ್ಟಿರಲಿ. ನಾಲ್ಕು ಹೆಜ್ಜೆಗೊಮ್ಮೆ ಹಾರೆಯಿಂದ ಕುಟ್ಟಿ ನೋಡಿ; ಹಾರೆ ತೂರಿಕೊಂಡರೆ ಬಂದ ಹೆಜ್ಜೆಯಲ್ಲೇ ಹಿಂದಿರುಗಿ. ನದಿ ಸೇರುವ ಕಡೆ ಕೆಳಗಿನ ಹರಿವು ಗಡ್ಡೆಯನ್ನು ತೆಳುವಾಗಿಸುತ್ತದೆ. ಗಡ್ಡೆ ಒತ್ತರಿಸಿ ಎದ್ದ ದಿಬ್ಬಗಳ ಬುಡವನ್ನೂ ನಂಬಬೇಡಿ. ನೀರಿಗೆ ಬಿದ್ದರೆ ಗಡ್ಡೆಗೆ ಚುಚ್ಚಿ ಮೇಲೇರಲು ಬೇಕಾದ, ಎರಡು ಚೂಪು ಹಿಡಿಗಳ ಐಸ್ ಪಿಕ್ ಕೊರಳಲ್ಲೇ ನೇತಾಡುತ್ತಿರಲಿ, ಚೀಲದೊಳಗಲ್ಲ. ನೀರಿಗೆ ಬಿದ್ದಾಗ ಚೀಲ ತೆರೆಯಲು ಯಾರಿಗೂ ಪುರುಸೊತ್ತಿರುವುದಿಲ್ಲ.

ಚಳಿಗಾಲದ ಆರಂಭದಲ್ಲಿ 15ರಿಂದ 25 ಅಡಿ ಆಳದ ಇಳಿಜಾರುಗಳನ್ನು ಹುಡುಕಿ. ನಡುಚಳಿಗೆ ಮೀನು 25–35 ಅಡಿಯ ಕೆಸರು ತಳಕ್ಕೆ ಸರಿಯುತ್ತದೆ. 8 ಇಂಚಿನ ಬೈರಿಗೆಯಿಂದ ಹಲವು ಆಳಗಳಲ್ಲಿ ತೂತು ಕೊರೆಯಿರಿ. ಈ ಕೆಲಸ ಸಂಜೆಗೆ ಒಂದು ಗಂಟೆ ಮೊದಲೇ ಮುಗಿದಿರಬೇಕು, ಬೈರಿಗೆಯ ಸದ್ದಿಗೆ ಮೀನು ಚದುರುತ್ತದೆ. ತೂತಿನಲ್ಲಿ ತೇಲುವ ಪುಡಿಯನ್ನು ಬೋಂಡ ಎತ್ತುವಂಥ ಜಾಲರಿ ಸೌಟಿನಿಂದ ತೆಗೆಯಿರಿ.

ಮಿನೆಸೋಟದಲ್ಲಿ ಮಂಜುಗಡ್ಡೆಯ ಮೀನುಗಾರಿಕೆಗೆ ಒಬ್ಬರಿಗೆ ಎರಡು ಗಾಳ ಬಿಡಲು ಅವಕಾಶವಿದೆ, ಎರಡನ್ನೂ ಬಳಸಿ. ಒಂದಕ್ಕೆ 28–30 ಇಂಚಿನ ಕೋಲು, 6 ಪೌಂಡ್ ಭಾರ ತಡೆಯುವ ದಾರ, 5–7 ಗ್ರಾಂ ತೂಕದ ಹೊಳೆಯುವ ಲೋಹದ ಸ್ಪೂನ್, ಅಂದರೆ ಮೀನನ್ನು ಸೆಳೆಯುವ, ಮುಳ್ಳಿರುವ ತಗಡು. ಅದರ ಮುಳ್ಳಿಗೆ ಶೈನರ್ ಎಂಬ ಪುಟ್ಟ ಮೀನಿನ ತಲೆ ಚುಚ್ಚಿ. ಇದು ಕೈಯಲ್ಲಿರಲಿ. ಇನ್ನೊಂದು ತುಸು ದೂರದ ತೂತಿನಲ್ಲಿ ಸುಮ್ಮನೆ ನಿಲ್ಲುವ ಗಾಳ: ಬೆನ್ನಿನ ರೆಕ್ಕೆಯ ಕೆಳಗೆ ಚುಚ್ಚಿದ ಮಿನ್ನೋ ಎಂಬ ಜೀವಂತ ಪುಟ್ಟ ಮೀನು, ತಳದಿಂದ ಒಂದಡಿ ಮೇಲೆ, ಮೇಲುಗಡೆ ಸಣ್ಣ ಬೆಂಡು. ಕುಣಿಯುವ ಸ್ಪೂನಿನ ಸದ್ದು ಕೇಳಿ ಬಂದ ಮೀನು ಎಷ್ಟೋ ಸಲ ಈ ಸುಮ್ಮನಿದ್ದ ಗಾಳವನ್ನೇ ಕಚ್ಚುತ್ತದೆ.

ಹೊಸಬರು ಸೋಲುವುದು ಕೈ ಕುಣಿಸುವುದರಲ್ಲಿ. ಸ್ಪೂನನ್ನು ಒಂದೆರಡು ಅಡಿ ಎತ್ತಿ ಬೀಳಿಸುವುದು ಮೀನನ್ನು ಕರೆಯಲು ಮಾತ್ರ. ನೀರಿನಡಿಯ ತಳ, ಮೀನುಗಳನ್ನು ಗೆರೆಗಳಾಗಿ ತೋರಿಸುವ ಫ್ಲ್ಯಾಶರ್ ಸೋನಾರ್ ಯಂತ್ರದಲ್ಲಿ ತಳದ ಗೆರೆಯಿಂದ ಇನ್ನೊಂದು ಗೆರೆ ಬೇರ್ಪಟ್ಟು ಮೇಲೇಳುತ್ತಲೇ ಕುಣಿತ ನಿಲ್ಲಿಸಿ, ತುದಿ ನಡುಗುವಷ್ಟೇ ಆಡಿಸಿ, ಮೆಲ್ಲಗೆ ಅರ್ಧ ಅಡಿ ಮೇಲಕ್ಕೆ ಸರಿಸಿ. ಮೀನು ಹಿಂಬಾಲಿಸಿದರೆ ಅದಕ್ಕೆ ಹಸಿವಿದೆ. ಗಾಳವನ್ನು ಅದರ ತಲೆಯ ಮೇಲೆ ಇಳಿಸಿದರೆ ಓಡಿಹೋಗುತ್ತದೆ; ವಾಲೈ ಮೇಲೇರಿ ಕಚ್ಚುವ ಮೀನು. ಬೆಂಡು ಮುಳುಗಿದ ಕೂಡಲೇ ಎಳೆಯದೆ ಒಂದೆರಡು ಕ್ಷಣ ಕಾಯಿರಿ.

ಕೋಲಿನ ಉಂಗುರಗಳಲ್ಲಿ ನೀರು ಹೆಪ್ಪುಗಟ್ಟಿದರೆ ತಟ್ಟಿ ಮುರಿಯಬೇಡಿ, ಉಂಗುರವೇ ಕಿತ್ತುಬರುತ್ತದೆ. ತೂತಿನ ನೀರಿಗೆ ಅದ್ದಿದರೆ ಕರಗುತ್ತದೆ. ಡೇರೆಯೊಳಗೆ ಗ್ಯಾಸ್ ಹೀಟರ್ ಹಚ್ಚಿದ್ದರೆ ಗಾಳಿಕಂಡಿ ತೆರೆದಿರಬೇಕು, ಕಾರ್ಬನ್ ಮೊನಾಕ್ಸೈಡ್ ಅಲಾರಂ ಇರಲೇಬೇಕು. ಆ ಅನಿಲಕ್ಕೆ ವಾಸನೆಯಿಲ್ಲ.

ಸರೋವರದ ಮಿನೆಸೋಟ ಭಾಗದಲ್ಲಿ 19.5ರಿಂದ 28 ಇಂಚಿನೊಳಗಿನ ವಾಲೈಯನ್ನು ನೀರಿಗೆ ಬಿಡಬೇಕೆಂಬ ನಿಯಮವಿದೆ. ಎಷ್ಟು ಮೀನು ಒಯ್ಯಬಹುದೆಂಬುದನ್ನು ಆಯಾ ವರ್ಷದ ನಿಯಮಪುಸ್ತಕದಲ್ಲಿ ನೋಡಿಕೊಂಡೇ ಹೊರಡಿ. ಇಲ್ಲೊಂದು ತೊಡಕು: 30 ಅಡಿಗಿಂತ ಆಳದಿಂದ ಎಳೆದ ಮೀನಿನ ಗಾಳಿಚೀಲ ಒತ್ತಡ ಇಳಿದು ಉಬ್ಬುತ್ತದೆ, ಬಿಟ್ಟರೂ ಹಲವು ಬದುಕುವುದಿಲ್ಲ. ದೊಡ್ಡ ಮೀನುಗಳೇ ಬರುತ್ತಿದ್ದರೆ ಕಡಿಮೆ ಆಳದ ತೂತಿಗೆ ಹೋಗಿ.

ಇಟ್ಟುಕೊಳ್ಳುವ ಮೀನನ್ನು ಬಯಲಲ್ಲಿ ಬಿಡಬೇಡಿ. ಕಲ್ಲಾದ ಮೇಲೆ ಕೊಯ್ಯುವುದು ಕಷ್ಟ. ಬಕೆಟ್ಟಿನಲ್ಲಿ ಹಿಮ ಮುಚ್ಚಿಡಿ. ಮುಳ್ಳು ಕಡಿಮೆ, ಮಾಂಸ ಬಿಳಿ, ರವೆ ಹಚ್ಚಿದ ತವಾ ಫ್ರೈಗೆ ಹೇಳಿಮಾಡಿಸಿದಂತಿದೆ.