ಗ್ರಂಥಾಲಯದ ಕ್ಯಾಟಲಾಗಿಗೆ ಆಜ್ಞೆ ಕೊಟ್ಟು ಹುಡುಕುವುದು ಹೇಗೆ?

ವಿಶ್ವವಿದ್ಯಾಲಯದ ಗ್ರಂಥಾಲಯದ ಕ್ಯಾಟಲಾಗಿನಲ್ಲಿ ಎರಡು ಪದ ಹಾಕಿ ಎಂಟರ್ ಒತ್ತಿದರೆ ಒಂದೋ ಸಾವಿರಾರು ಪುಸ್ತಕಗಳ ಪಟ್ಟಿ ಬಂದು ಬೀಳುತ್ತದೆ, ಇಲ್ಲವೇ ಸೊನ್ನೆ ಕಾಣುತ್ತದೆ. ಎಷ್ಟೋ ಸಲ ಎರಡಕ್ಕೂ ಕಾರಣ ಒಂದೇ: ಪದಗಳನ್ನು ಎಲ್ಲಿ ಹುಡುಕಬೇಕೆಂದು ನಾವು ಹೇಳಿರುವುದಿಲ್ಲ. ಆಜ್ಞೆ ಟೈಪ್ ಮಾಡಿ ಹುಡುಕುವುದೆಂದರೆ ಮುಖ್ಯವಾಗಿ ಇದನ್ನು ಹೇಳುವುದು.

ಕ್ಯಾಟಲಾಗ್ ಸಾಮಾನ್ಯವಾಗಿ ಪುಸ್ತಕದ ಒಳಪುಟಗಳನ್ನು ಓದುವುದಿಲ್ಲ. ಪ್ರತಿ ಪುಸ್ತಕಕ್ಕೂ ಗ್ರಂಥಪಾಲಕರು ತುಂಬಿಟ್ಟ ಒಂದು ದಾಖಲೆ ಇರುತ್ತದೆ. ಹುಡುಕಾಟ ನಡೆಯುವುದು ಅದರಲ್ಲಿ. ಬಹುಪಾಲು ಗ್ರಂಥಾಲಯಗಳು ಬಳಸುವ ದಾಖಲೆಯ ನಮೂನೆಗೆ ಮಾರ್ಕ್ ಎಂದು ಹೆಸರು. 1960ರ ದಶಕದಲ್ಲಿ ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್‌ನಲ್ಲಿ ಹೆನ್ರಿಯೆಟ್ ಅವ್ರಾಮ್ ಅವರ ಮುಂದಾಳತ್ವದಲ್ಲಿ ಇದು ರೂಪುಗೊಂಡಿತು. ಇದರಲ್ಲಿ ಪ್ರತಿ ವಿವರಕ್ಕೂ ಒಂದು ಸಂಖ್ಯೆಯ ಖಾನೆ: 100ರಲ್ಲಿ ಲೇಖಕರು, 245ರಲ್ಲಿ ಶೀರ್ಷಿಕೆ, 650ರಲ್ಲಿ ವಿಷಯ, 020ರಲ್ಲಿ ಐಎಸ್‌ಬಿಎನ್ ಎಂಬ ಪುಸ್ತಕದ ಗುರುತುಸಂಖ್ಯೆ. ನಾವು ಕೊಡುವ ಆಜ್ಞೆ ಈ ಖಾನೆಗಳಲ್ಲಿ ಒಂದನ್ನು ಬೊಟ್ಟುಮಾಡಿ ತೋರಿಸುತ್ತದೆ.

(ಓದಲು ಅನುಕೂಲವಾಗಲೆಂದು ಇಲ್ಲಿ ಆಜ್ಞೆಗಳನ್ನು ಕನ್ನಡ ಲಿಪಿಯಲ್ಲೇ ಬರೆದಿದೆ. ಕೀಲಿಮಣೆಯಲ್ಲಿ ಒತ್ತಬೇಕಾದದ್ದು ಅವುಗಳ ಇಂಗ್ಲಿಷ್ ಅಕ್ಷರಗಳನ್ನು.)

ಆಜ್ಞೆಯ ರೂಪ

ನಿಮ್ಮ ಗ್ರಂಥಾಲಯದ ತಂತ್ರಾಂಶ ಯಾವುದು ಎಂದು ಮೊದಲು ನೋಡಿಕೊಳ್ಳಿ. ಪುಟದ ಅಡಿಯಲ್ಲಿ ಅಥವಾ ಸಹಾಯ ಪುಟದಲ್ಲಿ ಹೆಸರು ಸಿಗುತ್ತದೆ. ಆಜ್ಞೆಗಳು ಹೆಚ್ಚಾಗಿ ಮೂರು ರೂಪದಲ್ಲಿ ಬರುತ್ತವೆ.

ನ್ಯೂಜಿಲೆಂಡಿನಲ್ಲಿ ಹುಟ್ಟಿ, 2000ದಲ್ಲಿ ಬಳಕೆಗೆ ಬಂದ ಉಚಿತ ತಂತ್ರಾಂಶ ಕೋಹಾದಲ್ಲಿ ಖಾನೆಯ ಎರಡಕ್ಷರದ ಹೆಸರು, ಅದರ ಹಿಂದೆಯೇ ವಿವರಣ ಚಿಹ್ನೆ: ಶೀರ್ಷಿಕೆಗೆ ಟಿಐ: ಎಂದೂ ಲೇಖಕರಿಗೆ ಎಯು: ಎಂದೂ ವಿಷಯಕ್ಕೆ ಎಸ್‌ಯು: ಎಂದೂ ಐಎಸ್‌ಬಿಎನ್‌ಗೆ ಎನ್‌ಬಿ: ಎಂದೂ ಹಾಕಬೇಕು. ಚಿಹ್ನೆಯ ನಂತರ ಜಾಗ ಬಿಡದೆ ಪದವನ್ನು ಟೈಪ್ ಮಾಡಿ.

ಹಳೆಯ ಅಕ್ಷರಪರದೆಯ (ಚಿತ್ರಗಳಿಲ್ಲದೆ ಬರೀ ಅಕ್ಷರ ತೋರಿಸುವ ಪರದೆಯ) ಕ್ಯಾಟಲಾಗುಗಳದ್ದು ಎರಡನೆಯ ರೂಪ. ಅಮೆರಿಕದ ನಾರ್ತ್‌ವೆಸ್ಟರ್ನ್ ವಿಶ್ವವಿದ್ಯಾಲಯದಲ್ಲಿ ತಯಾರಾದ ನೋಟಿಸ್ ವ್ಯವಸ್ಥೆಯಲ್ಲಿ ಒಂದೇ ಅಕ್ಷರ ಮತ್ತು ಸಮ ಚಿಹ್ನೆ ಸಾಕಿತ್ತು: ಟಿ= ಶೀರ್ಷಿಕೆಗೆ, ಎ= ಲೇಖಕರಿಗೆ, ಎಸ್= ವಿಷಯಕ್ಕೆ, ಕೆ= ಬಿಡಿ ಪದಗಳಿಗೆ.

ಮೂರನೆಯದು ವಾಕ್ಯದಂತಹ ರೂಪ. ಒಂದೊಂದು ಗ್ರಂಥಾಲಯಕ್ಕೆ ಒಂದೊಂದು ಭಾಷೆಯಾದರೆ ಓದುಗರಿಗೆ ತೊಂದರೆ ಎಂದು ಅಮೆರಿಕದಲ್ಲಿ 1992ರಲ್ಲಿ ಝಡ್39.58 ಎಂಬ ಮಾನಕವೂ ಮರುವರ್ಷ ಐಎಸ್‌ಒ 8777 ಎಂಬ ಅಂತರರಾಷ್ಟ್ರೀಯ ಮಾನಕವೂ ಬಂದವು. ಫೈಂಡ್, ಸ್ಕ್ಯಾನ್, ಶೋ, ಸ್ಟಾಪ್ ಮುಂತಾದ ಸಾಮಾನ್ಯ ಆಜ್ಞೆಗಳು ಅಲ್ಲಿಯವು.

ಇವುಗಳಲ್ಲಿ ಒಂದು ಭೇದವನ್ನು ಚೆನ್ನಾಗಿ ಮನಸ್ಸಿಗೆ ತಂದುಕೊಳ್ಳಬೇಕು. ಫೈಂಡ್ ಅಥವಾ ಕೆ= ಎಂದರೆ ಪದ ಖಾನೆಯೊಳಗೆ ಎಲ್ಲಿದ್ದರೂ ಸರಿ. ಸ್ಕ್ಯಾನ್ ಅಥವಾ ಟಿ= ಹಾಗಲ್ಲ; ಅದು ಅಕಾರಾದಿ ಪಟ್ಟಿಯನ್ನು ತೆರೆದು, ನೀವು ಕೊಟ್ಟ ಮೊದಲ ಅಕ್ಷರಗಳ ಜಾಗದಲ್ಲಿ ನಿಲ್ಲಿಸುತ್ತದೆ. ಅಲ್ಲಿ ಶೀರ್ಷಿಕೆಯ ನಡುವಿನ ಪದ ಕೊಟ್ಟರೆ ಪುಸ್ತಕ ಇದ್ದರೂ ಕಾಣಿಸುವುದಿಲ್ಲ.

ಶೀರ್ಷಿಕೆ, ಹೆಸರು, ಸಂಖ್ಯೆ

ಅಕಾರಾದಿ ಹುಡುಕಾಟದಲ್ಲಿ ಇಂಗ್ಲಿಷ್ ಶೀರ್ಷಿಕೆಯ ಮೊದಲಿನ ದಿ, ಎ, ಆ್ಯನ್ ಬಿಟ್ಟುಬಿಡಿ. 245ರ ಖಾನೆಯಲ್ಲಿ ಎಷ್ಟು ಅಕ್ಷರ ದಾಟಿ ಪಟ್ಟಿಗೆ ಸೇರಿಸಬೇಕೆಂಬ ಸೂಚಕ ಅಂಕಿಯೊಂದು ಇರುತ್ತದೆ. ‘ದಿ’ ಇದ್ದರೆ ಅದು 4: ಮೂರು ಅಕ್ಷರ, ಒಂದು ಖಾಲಿ ಜಾಗ. ಆದರೆ ‘ಎ ಟು ಝಡ್’ ಎಂದು ಆರಂಭವಾಗುವ ಶೀರ್ಷಿಕೆಯ ‘ಎ’ ಉಪಪದವಲ್ಲ, ಅದನ್ನು ಬಿಡಬಾರದು.

ಶೀರ್ಷಿಕೆಯನ್ನು ಬೇರೆಡೆಯಿಂದ ನಕಲು ಮಾಡಿ ಅಂಟಿಸುವಾಗಲೂ ಎಡವಟ್ಟಾಗುತ್ತದೆ. ಉಪಶೀರ್ಷಿಕೆಗೆ ಮೊದಲು ಬರುವ ವಿವರಣ ಚಿಹ್ನೆಯನ್ನು ತಂತ್ರಾಂಶ ಖಾನೆಯ ಗುರುತೆಂದು ತಿಳಿದು ಸೊನ್ನೆ ತೋರಿಸಬಹುದು, ಅದನ್ನು ಅಳಿಸಿ. ವರ್ಡ್ ಕಡತದಿಂದ ಬಂದ ಬಾಗಿದ ಉದ್ಧರಣ ಚಿಹ್ನೆಗಳನ್ನೂ ತೆಗೆದು, ಕೀಲಿಮಣೆಯ ನೇರ ಚಿಹ್ನೆಗಳನ್ನು ಹಾಕಿ.

ಅಕಾರಾದಿ ಪಟ್ಟಿಯಲ್ಲಿ ಲೇಖಕರ ಕುಲನಾಮ ಮೊದಲು. ಒಬ್ಬ ಲೇಖಕನ ಹೆಸರು ಪುಸ್ತಕದಿಂದ ಪುಸ್ತಕಕ್ಕೆ ಬೇರೆ ಬೇರೆಯಾಗಿ ಅಚ್ಚಾಗಿದ್ದರೂ ಕ್ಯಾಟಲಾಗ್ ಒಂದನ್ನು ಅಧಿಕೃತ ರೂಪವಾಗಿ ಆರಿಸಿಕೊಂಡಿರುತ್ತದೆ. ಲೈಬ್ರರಿ ಆಫ್ ಕಾಂಗ್ರೆಸ್ ಪದ್ಧತಿಯಲ್ಲಿ ‘ಚೆಕೊವ್, ಆ್ಯಂಟನ್ ಪಾವ್ಲೊವಿಚ್, 1860–1904’ ಎಂಬುದು ಅಂಥದ್ದು. ಒಂದು ಕಾಗುಣಿತದಲ್ಲಿ ಸಿಗದಿದ್ದರೆ ಕುಲನಾಮವನ್ನಷ್ಟೇ ಸ್ಕ್ಯಾನ್ ಮಾಡಿ. ‘ಇದನ್ನು ನೋಡಿ’ ಎಂಬ ಸೂಚನೆ ಸರಿಯಾದ ರೂಪಕ್ಕೆ ಕರೆದೊಯ್ಯುತ್ತದೆ.

ರೋಮನ್ ಅಲ್ಲದ ಲಿಪಿಯ ಪುಸ್ತಕಗಳನ್ನು ಅನೇಕ ಗ್ರಂಥಾಲಯಗಳು ಲಿಪ್ಯಂತರ ಮಾಡಿ ದಾಖಲಿಸುತ್ತವೆ. ಈ ಲಿಪ್ಯಂತರ ನಾವು ದಿನನಿತ್ಯ ಬರೆಯುವ ಇಂಗ್ಲಿಷ್ ಕಾಗುಣಿತದಂತಲ್ಲ. ‘ಕೃಷ್ಣ’ ಎಂಬಲ್ಲಿ ಆರ್ ನಂತರ ಐ ಇರುವುದಿಲ್ಲ, ‘ಷ’ಕ್ಕೆ ಎಚ್ ಇಲ್ಲದ ಎಸ್ ಬರುತ್ತದೆ, ಅಕ್ಷರಗಳ ಅಡಿಯ ಚುಕ್ಕಿ, ವೃತ್ತಗಳನ್ನು ಹುಡುಕುವಾಗ ಸಾಮಾನ್ಯವಾಗಿ ಬಿಡಬಹುದು. ಎಂದರೆ ಕೆ, ಆರ್, ಎಸ್, ಎನ್, ಎ: ಐದೇ ಅಕ್ಷರ. ಇದು ಗೊತ್ತಿಲ್ಲದೆ ‘ನಮ್ಮ ಭಾಷೆಯ ಪುಸ್ತಕವೇ ಇಲ್ಲ’ ಎಂದು ಹಿಂದಿರುಗುವವರು ಬಹಳ.

ಐಎಸ್‌ಬಿಎನ್ ಇದ್ದರೆ ಅದೇ ನೇರ ದಾರಿ. ಅಡ್ಡಗೆರೆ ಬಿಟ್ಟು ಹಾಕಿ. 2007ರ ಜನವರಿ 1ರಿಂದ ಈ ಸಂಖ್ಯೆ 13 ಅಂಕಿಯದಾಯಿತು, ಅದಕ್ಕೆ ಮೊದಲು 10. ಹಳೆಯದರ ಮುಂದೆ 978 ಅಂಟಿಸಿದರೆ ಹೊಸದಾಗುವುದಿಲ್ಲ, ಏಕೆಂದರೆ ಕೊನೆಯ ತಾಳೆ ಅಂಕಿಯನ್ನು ಬೇರೆ ಲೆಕ್ಕದಲ್ಲಿ ತೆಗೆಯುತ್ತಾರೆ. ಹೊಸ ಸಂಖ್ಯೆಗೆ ಸೊನ್ನೆ ಬಂದರೆ 978 ಬಿಟ್ಟು, ನಂತರದ ಒಂಬತ್ತು ಅಂಕಿ ಹಾಕಿ ಕೊನೆಗೆ ನಕ್ಷತ್ರ ಚಿಹ್ನೆ ಇಟ್ಟು ನೋಡಿ.

ವಿಷಯದಿಂದ ಹುಡುಕುವ ಸರಿಯಾದ ಕ್ರಮ

ಎಲ್ಲಕ್ಕಿಂತ ಹೆಚ್ಚು ಫಲ ಕೊಡುವ ಹುಡುಕಾಟ ಇದು. ಜನ ಎಡವುವುದೂ ಇಲ್ಲೇ ಹೆಚ್ಚು. 650ರ ಖಾನೆಯಲ್ಲಿ ಇರುವುದು ನಮ್ಮ ಮಾತಲ್ಲ, ನಿಗದಿತ ಪಟ್ಟಿಯಿಂದ ಆರಿಸಿದ ಪದ. ಹೃದಯಾಘಾತದ ಪುಸ್ತಕ ‘ಹಾರ್ಟ್ ಅಟ್ಯಾಕ್’ ಎಂಬಲ್ಲಿ ಇರುವುದಿಲ್ಲ, ‘ಮಯೋಕಾರ್ಡಿಯಲ್ ಇನ್‌ಫಾರ್ಕ್ಷನ್’ ಎಂಬಲ್ಲಿ ಇರುತ್ತದೆ. ವೈದ್ಯಕೀಯ ಗ್ರಂಥಾಲಯಗಳ ಮೆಶ್ ಪಟ್ಟಿಯಲ್ಲಿ ಕ್ಯಾನ್ಸರಿಗೆ ‘ನಿಯೊಪ್ಲಾಸಮ್ಸ್’ ಎನ್ನುತ್ತಾರೆ. ಆ ಪದವನ್ನು ಊಹಿಸುತ್ತಾ ಕೂರಬೇಡಿ. ಹೀಗೆ ಮಾಡಿ.

ಅಂತರ್ಜಲ ಮಾಲಿನ್ಯದ ಬಗ್ಗೆ ಪುಸ್ತಕ ಬೇಕೆಂದುಕೊಳ್ಳೋಣ. ಮೊದಲು ಶೀರ್ಷಿಕೆಯಲ್ಲಿ ಹುಡುಕಿ:

ಟಿಐ:ಗ್ರೌಂಡ್‌ವಾಟರ್ ಆಂಡ್ ಟಿಐ:ಪೊಲ್ಯೂಷನ್

ಬಂದವುಗಳಲ್ಲಿ ನಿಮ್ಮ ಕೆಲಸಕ್ಕೆ ಸರಿಹೊಂದುವ ಒಂದೇ ಒಂದು ಪುಸ್ತಕ ಆರಿಸಿ, ಅದರ ಪೂರ್ತಿ ದಾಖಲೆ ತೆರೆಯಿರಿ. ಸಂಕ್ಷಿಪ್ತ ಪಟ್ಟಿಯಲ್ಲಿ ವಿಷಯದ ಸಾಲು ಕಾಣದೇ ಇರಬಹುದು. ಪೂರ್ತಿ ದಾಖಲೆಯಲ್ಲಿ ‘ಗ್ರೌಂಡ್‌ವಾಟರ್ -- ಪೊಲ್ಯೂಷನ್’ ಎಂಬಂಥ ಸಾಲು ಸಿಗುತ್ತದೆ. ಅದನ್ನು ಅಕ್ಷರ ತಪ್ಪದಂತೆ ಬರೆದುಕೊಂಡು ಎಸ್‌ಯು: ಹಾಕಿ ಮತ್ತೆ ಹುಡುಕಿ. ಶೀರ್ಷಿಕೆಯಲ್ಲಿ ಅಂತರ್ಜಲ ಎಂಬ ಪದವೇ ಇಲ್ಲದ ಪುಸ್ತಕಗಳೂ ಈಗ ಬರುತ್ತವೆ.

ಪಟ್ಟಿಯ ಪದಗಳೂ ಬದಲಾಗುತ್ತವೆ. ಅಂತರ್ಜಲಕ್ಕೆ ಲೈಬ್ರರಿ ಆಫ್ ಕಾಂಗ್ರೆಸ್ ಪಟ್ಟಿಯಲ್ಲಿ ಹಿಂದೆ ‘ವಾಟರ್, ಅಂಡರ್‌ಗ್ರೌಂಡ್’ ಎಂದಿತ್ತು. ಹಳೆಯ ದಾಖಲೆಗಳನ್ನು ತಿದ್ದದ ಗ್ರಂಥಾಲಯದಲ್ಲಿ ಅರ್ಧ ಪುಸ್ತಕ ಅಲ್ಲಿ, ಅರ್ಧ ಇಲ್ಲಿ ಎಂಬಂತೆ ಹಂಚಿಹೋಗಿರಬಹುದು. ಹಳೆಯ ಪುಸ್ತಕದ ದಾಖಲೆಯೊಂದನ್ನೂ ತೆರೆದು ನೋಡುವುದು ಅದಕ್ಕೇ.

ಜೋಡಿಸುವ ಪದಗಳು

ಆಂಡ್ ಹಾಕಿದರೆ ಎರಡೂ ಇರಬೇಕು, ಆರ್ ಹಾಕಿದರೆ ಯಾವುದಾದರೂ ಒಂದಿದ್ದರೆ ಸಾಕು, ನಾಟ್ ಹಾಕಿದರೆ ನಂತರದ ಪದ ಇರಕೂಡದು. ಈ ಮೂರನ್ನೂ ಇಂಗ್ಲಿಷಿನ ದೊಡ್ಡಕ್ಷರದಲ್ಲಿ ಟೈಪ್ ಮಾಡಿ. ಕೆಲವು ತಂತ್ರಾಂಶಗಳು ಸಣ್ಣಕ್ಷರದಲ್ಲಿದ್ದರೆ ಅವನ್ನು ಮಾಮೂಲಿ ಪದವೆಂದೇ ಎಣಿಸುತ್ತವೆ.

ಆಂಡ್ ಮತ್ತು ಆರ್ ಒಂದೇ ಸಾಲಿನಲ್ಲಿ ಬಂದರೆ ಆವರಣ ಹಾಕಲೇಬೇಕು. ‘ಗ್ರೌಂಡ್‌ವಾಟರ್ ಆರ್ ಅಕ್ವಿಫರ್ ಆಂಡ್ ಪೊಲ್ಯೂಷನ್’ ಎಂದರೆ (ಅಕ್ವಿಫರ್ ಎಂದರೆ ಅಂತರ್ಜಲ ತುಂಬಿದ ನೆಲದ ಪದರ), ಎಡದಿಂದ ಬಲಕ್ಕೆ ಓದುವ ತಂತ್ರಾಂಶ ಸರಿಯಾಗಿಯೇ ಅರ್ಥಮಾಡಿಕೊಳ್ಳುತ್ತದೆ. ಆಂಡ್‌ಗೆ ಮೊದಲ ಸ್ಥಾನ ಕೊಡುವ ತಂತ್ರಾಂಶ ಮಾತ್ರ ಮಾಲಿನ್ಯಕ್ಕೆ ಸಂಬಂಧವೇ ಇಲ್ಲದ ಅಂತರ್ಜಲದ ಪುಸ್ತಕಗಳನ್ನೆಲ್ಲ ತಂದು ಸುರಿಯುತ್ತದೆ. ‘(ಗ್ರೌಂಡ್‌ವಾಟರ್ ಆರ್ ಅಕ್ವಿಫರ್) ಆಂಡ್ ಪೊಲ್ಯೂಷನ್’ ಎಂದು ಬರೆದರೆ ಎರಡರಲ್ಲೂ ಒಂದೇ ಫಲ. ನಾಟ್ ಬಳಕೆ ಕಡಿಮೆ ಇರಲಿ: ಅಂತರ್ಜಲ, ನದಿ ಎರಡನ್ನೂ ಚರ್ಚಿಸುವ ಒಳ್ಳೆಯ ಪುಸ್ತಕ ‘ನಾಟ್ ರಿವರ್’ ಎಂದೊಡನೆ ಕೈತಪ್ಪುತ್ತದೆ.

ಪದದ ಬುಡ ಕೊಟ್ಟು ಕೊನೆಯನ್ನು ಬಿಟ್ಟುಬಿಡುವುದೂ ಸಾಧ್ಯ. ‘ಪೊಲ್ಯೂಷನ್’ ಪದದ ಮೊದಲ ಆರು ಇಂಗ್ಲಿಷ್ ಅಕ್ಷರ ಹಾಕಿ ನಕ್ಷತ್ರ ಇಟ್ಟರೆ ಪೊಲ್ಯೂಟೆಂಟ್, ಪೊಲ್ಯೂಟೆಡ್ ಎಲ್ಲವೂ ಸೇರುತ್ತವೆ. ಮೂರೇ ಅಕ್ಷರ ಹಾಕಿದರೆ ಕೆಡುತ್ತದೆ: ‘ಕ್ಯಾಟ್’ನ ಮೂರಕ್ಷರಕ್ಕೆ ಬೆಕ್ಕಿನ ಜೊತೆ ಕ್ಯಾಟಲ್, ಕ್ಯಾಟಲಾಗ್, ಕ್ಯಾಟಗರಿ ಎಲ್ಲ ಬರುತ್ತವೆ. ಚಿಹ್ನೆ ಎಲ್ಲೆಡೆ ಒಂದೇ ಅಲ್ಲ. ಝಡ್39.58 ಮಾನಕದಲ್ಲಿ ? ಎಂದರೆ ಎಷ್ಟು ಅಕ್ಷರವಾದರೂ ಸರಿ, # ಎಂದರೆ ಸರಿಯಾಗಿ ಒಂದೇ ಅಕ್ಷರ. ಬೇರೆ ಎಷ್ಟೋ ತಂತ್ರಾಂಶಗಳಲ್ಲಿ ? ಎಂಬುದೇ ಒಂದಕ್ಷರದ ಚಿಹ್ನೆ.

ಫೈಂಡ್ ಆಜ್ಞೆಯ ಕ್ಯಾಟಲಾಗುಗಳಲ್ಲಿ ಪ್ರತಿ ಹುಡುಕಾಟದ ಫಲಕ್ಕೂ ಒಂದು ಸಂಖ್ಯೆ ಬೀಳುತ್ತದೆ. ಉದ್ದನೆಯ ಒಂದೇ ಆಜ್ಞೆಗಿಂತ ಇದನ್ನು ಬಳಸಿಕೊಳ್ಳುವುದು ಮೇಲು. ಒಂದನೆಯ ಸಲ ಅಂತರ್ಜಲದ ಸಮಾನ ಪದಗಳನ್ನೆಲ್ಲ ಆರ್ ಹಾಕಿ ಕಟ್ಟಿ, ಎರಡನೆಯ ಸಲ ಮಾಲಿನ್ಯದವನ್ನು. ಆಮೇಲೆ ‘ಫೈಂಡ್ 1 ಆಂಡ್ 2’ ಎಂಬ ಬಗೆಯಲ್ಲಿ ಎರಡನ್ನೂ ಕೂಡಿಸಿ (ಕೆಲವೆಡೆ ಸಂಖ್ಯೆಯ ಮುಂದೆ ಎಸ್ ಬೇಕು). ಎಲ್ಲೋ ಕಾಗುಣಿತ ತಪ್ಪಿದ್ದರೆ ಯಾವ ಸಾಲು ಸೊನ್ನೆಯಾಯಿತು ಎಂಬುದರಿಂದಲೇ ಗೊತ್ತಾಗುತ್ತದೆ.

ಸೊನ್ನೆ ಬಂದಾಗ

ಮೊದಲು ಕಾಗುಣಿತ ನೋಡಿ. ನಂತರ ಖಾನೆಯ ಗುರುತು ತೆಗೆದು ಬರೀ ಪದ ಹಾಕಿ. ಆಮೇಲೆ ಆಂಡ್‌ನಿಂದ ಜೋಡಿಸಿದ ಪದಗಳನ್ನು ಒಂದೊಂದಾಗಿ ಕಳಚಿ. ಹಿಂದಿನ ಹುಡುಕಾಟದಲ್ಲಿ ಹಾಕಿದ ವರ್ಷ, ಭಾಷೆ ಅಥವಾ ಶಾಖೆಯ ಮಿತಿ ಇನ್ನೂ ಉಳಿದಿದೆಯೇ ಎಂದೂ ಪರೀಕ್ಷಿಸಿ. ಎಲ್ಲವೂ ಸರಿಯಿದ್ದೂ ಸೊನ್ನೆಯೇ ಬಂದರೆ, ನೀವು ಹುಡುಕುತ್ತಿರುವುದು ಪತ್ರಿಕೆಯ ಲೇಖನವಿರಬಹುದು. ಕ್ಯಾಟಲಾಗಿನಲ್ಲಿ ಪತ್ರಿಕೆಗೆ ದಾಖಲೆ ಇರುತ್ತದೆ, ಅದರ ಪ್ರತಿ ಲೇಖನಕ್ಕೂ ಸಾಮಾನ್ಯವಾಗಿ ಇರುವುದಿಲ್ಲ. ಪತ್ರಿಕೆಯ ಹೆಸರನ್ನು ಹುಡುಕಿ, ಬೇಕಾದ ವರ್ಷದ ಸಂಪುಟ ಇದೆಯೇ ನೋಡಿ.

ದೂರದ ಗ್ರಂಥಾಲಯಕ್ಕೆ

ಬೇರೆ ಗ್ರಂಥಾಲಯಗಳ ಕ್ಯಾಟಲಾಗನ್ನು ಆಜ್ಞೆಯಿಂದಲೇ ಕೇಳಲು ಝಡ್39.50 ಎಂಬ ನಿಯಮಾವಳಿಯಿದೆ. ಇದಕ್ಕೆ ಯಾಝ್ ಕ್ಲಯಂಟ್ ಎಂಬ ಉಚಿತ ತಂತ್ರಾಂಶ ಸಿಗುತ್ತದೆ. ಇಲ್ಲಿ ಖಾನೆಗಳಿಗೆ ಹೆಸರಿಲ್ಲ, ಸಂಖ್ಯೆ ಮಾತ್ರ: 4 ಶೀರ್ಷಿಕೆ, 1003 ಲೇಖಕರು, 21 ವಿಷಯ, 7 ಐಎಸ್‌ಬಿಎನ್. ಓಪನ್ ಎಂದು ವಿಳಾಸ ಕೊಟ್ಟು (ಪೋರ್ಟ್, ಅಂದರೆ ಸಂಪರ್ಕದ ಬಾಗಿಲಿನ ಸಂಖ್ಯೆ, ರೂಢಿಯಲ್ಲಿ 210), ಬೇಸ್ ಎಂದು ಸಂಗ್ರಹದ ಹೆಸರು ಕೊಟ್ಟು, ಬಳಿಕ ಹೀಗೆ:

ಫೈಂಡ್ @ಆಂಡ್ @ಆಟ್ರ್ 1=4 ಗ್ರೌಂಡ್‌ವಾಟರ್ @ಆಟ್ರ್ 1=21 ಪೊಲ್ಯೂಷನ್

‘@ಆಟ್ರ್ 1=’ ಎಂಬುದರ ನಂತರದ್ದು ಖಾನೆಯ ಸಂಖ್ಯೆ. ಜೋಡಿಸುವ ಪದ ನಡುವೆ ಬರದೆ ಮೊದಲೇ ಬರುತ್ತದೆ. ಹೊಸಬರ ಆಜ್ಞೆ ತಿರಸ್ಕೃತವಾಗುವುದು ಬಹುಮಟ್ಟಿಗೆ ಈ ಒಂದು ಕಾರಣಕ್ಕೆ.

ಕಪಾಟಿಗೆ ಹೊರಡುವ ಮುನ್ನ

ದಾಖಲೆಯಿಂದ ಕರೆ ಸಂಖ್ಯೆ (ಕಪಾಟಿನಲ್ಲಿ ಪುಸ್ತಕದ ಜಾಗ ತಿಳಿಸುವ ಸಂಖ್ಯೆ), ವಿಭಾಗ, ಸಂಪುಟ, ಪುಸ್ತಕ ಒಳಗಿದೆಯೇ ಎರವಲು ಹೋಗಿದೆಯೇ, ಈ ನಾಲ್ಕನ್ನೂ ಬರೆದುಕೊಳ್ಳಿ. ಕರೆ ಸಂಖ್ಯೆಯನ್ನು ಕೊನೆಯ ಬಿಂದುವಿನವರೆಗೂ ಬರೆಯಿರಿ. ಒಂದೇ ಕಪಾಟಿನ ಮುಂದೆ ನಿಂತು ಎಲ್ಲ ಸಿಕ್ಕಿತೆಂದು ತಿಳಿಯಬೇಡಿ: ವಿಷಯಕ್ಕೊಂದು ಸಂಖ್ಯೆ ಕೊಟ್ಟು ಪುಸ್ತಕಗಳನ್ನು ಜೋಡಿಸುವ ಡ್ಯೂಯಿ ವರ್ಗೀಕರಣದಲ್ಲಿ ಅಂತರ್ಜಲದ ಭೂವಿಜ್ಞಾನ 551.49ರಲ್ಲಿ, ಮಾಲಿನ್ಯ ತಡೆಯುವ ತಂತ್ರಜ್ಞಾನ 628.168ರಲ್ಲಿ, ಸಮಾಜದ ಸಮಸ್ಯೆಯಾಗಿ ನೀರಿನ ಮಾಲಿನ್ಯ 363.7394ರಲ್ಲಿ ಕೂರುತ್ತದೆ. ಮೂರೂ ಬೇರೆ ಬೇರೆ ಮಹಡಿಯಲ್ಲಿರಬಹುದು. ವಿಷಯದ ಆಜ್ಞೆ ಮೂರನ್ನೂ ಒಂದೇ ಪಟ್ಟಿಗೆ ತಂದಿರುತ್ತದೆ. ಅಕ್ಷರಪರದೆಯ ಕ್ಯಾಟಲಾಗಾದರೆ ಏಳುವ ಮೊದಲು ಸ್ಟಾಪ್ ಅಥವಾ ಕ್ವಿಟ್ ಕೊಟ್ಟು ಹೊರಬನ್ನಿ. ಕಿಟಕಿಯನ್ನಷ್ಟೇ ಮುಚ್ಚಿದರೆ ಸಂಪರ್ಕ ಆ ತುದಿಯಲ್ಲಿ ಕೆಲಹೊತ್ತು ತೆರೆದೇ ಉಳಿದು, ಇನ್ನೊಬ್ಬರಿಗೆ ಜಾಗ ಸಿಗದಂತಾಗಬಹುದು.