ನಮ್ಮ ಎಂಪಿಯಿಂದ ಒಂದು ಪ್ರಶ್ನೆ ಕೇಳಿಸಿದ್ದು: ನನ್ನ ಅನುಭವ

"ಹೋಗಿ ಹೋಗಿ ಇಸ್ರೇಲ್–ಪ್ಯಾಲೆಸ್ಟೀನ್ ಜಗಳಕ್ಕೆ ಕೈ ಹಾಕ್ತೀಯಲ್ಲೋ, ಬ್ರಿಟನ್ನಲ್ಲಿ ಕಾಯಂ ಇರೋಕೆ ಹಾಕಿದ ನಿನ್ನ ಐಎಲ್ಆರ್ ಅರ್ಜಿಯೇ ಇನ್ನೂ ಅಲ್ಲೇ ಇದೆ" ಅಂತ ನಮ್ಮ ಕನ್ನಡ ಕೂಟದ ಹಿರಿಯರೊಬ್ಬರು ಎಲ್ಲರೆದುರು ನಕ್ಕಿದ್ದರು. ಅವತ್ತು ನಕ್ಕವರೆಲ್ಲ ಓದಲಿ ಅಂತಲೇ ಇದನ್ನು ಬರೆಯುತ್ತಿದ್ದೇನೆ. 2025ರಲ್ಲಿ ನಮ್ಮ ಎಂಪಿ ಬ್ರಿಟನ್ನಿನ ಪಾರ್ಲಿಮೆಂಟಿನಲ್ಲಿ, ಇಸ್ರೇಲಿ–ಪ್ಯಾಲೆಸ್ಟೀನಿಯರ ನಡುವಿನ ಶಾಂತಿ ಕೆಲಸದ ನಿಧಿಯ ಬಗ್ಗೆ, ಲಿಖಿತ ಪ್ರಶ್ನೆಯೊಂದನ್ನು ಹಾಕಿದರು, ವಿದೇಶಾಂಗ ಕಚೇರಿ ಉತ್ತರ ಕೊಟ್ಟಿತು, ಎರಡೂ ದಾಖಲೆಯಲ್ಲಿವೆ. ಪ್ರಶ್ನೆಯ ಪದಗಳು ಹೆಚ್ಚುಕಡಿಮೆ ನಾವು ಅಡುಗೆಮನೆ ಮೇಜಿನ ಮೇಲೆ ಬರೆದವೇ. ಶಾಂತಿ ಬಂತಾ ಅಂತ ಕೇಳಬೇಡಿ. ಬೆಡ್‌ಫರ್ಡ್‌ಶೈರ್ ಕಡೆಯ ಮೂರು ಮತ್ತೊಂದು ಜನ ಸೇರಿ ಗಾಜಾಕ್ಕೆ ಶಾಂತಿ ತರುತ್ತೇವೆ ಅಂತ ನಾನು ಯಾವತ್ತೂ ಹೇಳಿಲ್ಲ.

ಇಲ್ಲಿರುವವರಿಗೆ ಗೊತ್ತಿರುವ ವಿಷಯ, ಆದರೂ ಬಹಳ ಜನ ಮರೆತೇಬಿಡುತ್ತಾರೆ: ಭಾರತದ ಪಾಸ್‌ಪೋರ್ಟ್ ಇದ್ದರೂ ಕಾಮನ್‌ವೆಲ್ತ್ ಪ್ರಜೆಗಳಾಗಿ ಇಲ್ಲಿ ಪಾರ್ಲಿಮೆಂಟ್ ಚುನಾವಣೆಗೆ ಮತ ಹಾಕಬಹುದು. 2024ರ ಜುಲೈ 4ರಂದು ನಾನೂ ಹಾಕಿದೆ. ಮತದಾರರ ಪಟ್ಟಿಯಲ್ಲಿ ಹೆಸರಿದ್ದ ಮೇಲೆ ಎಂಪಿಗೆ ನಾನು ವೀಸಾದವನಲ್ಲ, ಕ್ಷೇತ್ರದವನು. ಗಾಜಾ ವಿಷಯ ಹಿಡಿದುಕೊಂಡೇ ಲೆಸ್ಟರ್ ಸೌತ್‌ನಲ್ಲಿ ಪಕ್ಷೇತರರೊಬ್ಬರು ಲೇಬರ್‌ನ ಜೊನಾಥನ್ ಆಶ್‌ವರ್ತ್ ಅವರನ್ನು ಸೋಲಿಸಿದ್ದು ಅದೇ ಚುನಾವಣೆಯಲ್ಲಿ. ಆಮೇಲೆ ಎಲ್ಲ ಎಂಪಿಗಳ ಕಚೇರಿಯಲ್ಲೂ ಈ ಮಾತಿಗೆ ಕಿವಿ ಸ್ವಲ್ಪ ಚುರುಕಾಗಿತ್ತು.

ಗುಂಪು ಕಟ್ಟಿದ್ದು ಆಫೀಸಿನಲ್ಲಿ. ಒಬ್ಬನ ಚಿಕ್ಕಮ್ಮ ಇಸ್ರೇಲಿನ ಹೈಫಾದಲ್ಲಿ, ಇನ್ನೊಬ್ಬಳ ತವರು ಪ್ಯಾಲೆಸ್ಟೀನಿನ ನಾಬ್ಲಸ್. 2023ರ ಅಕ್ಟೋಬರ್ 7ರ ಹಮಾಸ್ ದಾಳಿಯ ನಂತರ ಇಬ್ಬರೂ ತಿಂಗಳುಗಟ್ಟಲೆ ಒಬ್ಬರನ್ನೊಬ್ಬರು ತಪ್ಪಿಸಿಕೊಂಡು ಕಾಫಿ ಕುಡಿಯುತ್ತಿದ್ದರು. ನಡುವೆ ಕೂತವನು ನಾನು, ಎರಡೂ ಕಡೆಗೂ ಸಂಬಂಧವಿಲ್ಲದ ಮಂಡ್ಯದವನು. ಅದೇ ಕೊನೆಗೆ ಅನುಕೂಲಕ್ಕೆ ಬಂತು.

ಮೊದಲು ಎಲ್ಲರೂ ಮಾಡುವುದನ್ನೇ ಮಾಡಿದೆವು. ಪಾರ್ಲಿಮೆಂಟಿಗೆ ಪಿಟಿಷನ್: ಹತ್ತು ಸಾವಿರ ಸಹಿಯಾದರೆ ಸರ್ಕಾರ ಉತ್ತರ ಕೊಡುತ್ತದೆ, ಒಂದು ಲಕ್ಷವಾದರೆ ಚರ್ಚೆಗೆ ಪರಿಗಣಿಸುತ್ತಾರೆ, ಆರು ತಿಂಗಳ ಗಡುವು. ನಮ್ಮದು ಮುನ್ನೂರು ಚಿಲ್ಲರೆಗೆ ನಿಂತಿತು. ಕೂಟದ ವಾಟ್ಸಾಪ್ ಗ್ರೂಪಿನಲ್ಲಿ ಹಾಕಿದರೆ ಯುಗಾದಿ ಊಟದ ಟಿಕೆಟ್ ಬಗ್ಗೆ ಉತ್ತರ ಬಂತು. ಆಮೇಲೆ ಸಿದ್ಧ ಮಾದರಿಯ ಇಮೇಲ್‌ಗಳು. ಇದಂತೂ ಶುದ್ಧ ದಂಡ. ಒಂದೇ ವಾಕ್ಯಗಳ ನೂರು ಇಮೇಲ್ ಬಂದರೆ ಕಚೇರಿಯವರು ಒಂದೇ ಫೋಲ್ಡರಿಗೆ ತಳ್ಳಿ ನೂರಕ್ಕೂ ಒಂದೇ ಉತ್ತರ ಕಳಿಸುತ್ತಾರೆ. "ಎರಡು ರಾಷ್ಟ್ರಗಳ ಪರಿಹಾರಕ್ಕೆ ಬದ್ಧ" ಅನ್ನುವ ಆ ಪತ್ರ ನನ್ನ ಹತ್ತಿರ ಬೇರೆ ಬೇರೆ ತಾರೀಕಿನಲ್ಲಿ ಬೇಕಾದಷ್ಟಿವೆ.

ಇಡಿಎಂಗೆ, ಅಂದರೆ ಎಂಪಿಗಳು ಸಹಿ ಹಾಕಿ ಬೆಂಬಲಿಸುವ ಒಂದು ಬಗೆಯ ಗೊತ್ತುವಳಿಗೆ, ನಮ್ಮ ಎಂಪಿಯಿಂದ ಸಹಿ ಹಾಕಿಸೋಣ ಅಂತ ಒಂದಿಷ್ಟು ದಿನ ಓಡಾಡಿದೆವು. ಮಂತ್ರಿಗಳೂ ಅವರ ಸಹಾಯಕ ಎಂಪಿಗಳಾದ ಪಿಪಿಎಸ್‌ಗಳೂ ಅದಕ್ಕೆ ಸಹಿ ಹಾಕುವ ಪದ್ಧತಿಯೇ ಇಲ್ಲ. ಹಾಕಿದವರಿದ್ದರೂ ಅವು ಸದನದಲ್ಲಿ ಚರ್ಚೆಯಾಗುವುದು ಅಪರೂಪ. ವೆಸ್ಟ್‌ಮಿನ್‌ಸ್ಟರ್‌ಗೂ ಹೋದೆವು. ಸೆಂಟ್ರಲ್ ಲಾಬಿಯಲ್ಲಿ ಹಸಿರು ಚೀಟಿ ತುಂಬಿ ಕೊಟ್ಟರೆ ಎಂಪಿಯನ್ನು ಹುಡುಕಿ ನೋಡುತ್ತಾರೆ. ನಮ್ಮವರು ಸಿಗಲಿಲ್ಲ. ಬಂದ ದಾರಿಗೆ ಸುಂಕವಿಲ್ಲ ಅಂತ ಅಲ್ಬರ್ಟ್ ಎಂಬ್ಯಾಂಕ್‌ಮೆಂಟಿನ ಬಸವಣ್ಣನ ಪ್ರತಿಮೆಗೆ ಕೈಮುಗಿದು ಯೂಸ್ಟನ್‌ಗೆ ವಾಪಸ್.

ದುಡ್ಡಿನ ಲೆಕ್ಕ ಹೇಳಲೇಬೇಕು. ರೈಲಿಗೆ ತಲೆಗೆ ಮೂವತ್ತು ಪೌಂಡ್ ಆಸುಪಾಸು. ಪೋಸ್ಟ್‌ಕಾರ್ಡ್ ಮುದ್ರಣಕ್ಕೆ ಎಂಬತ್ತೋ ತೊಂಬತ್ತೋ, ಅರ್ಧ ಇನ್ನೂ ಗ್ಯಾರೇಜಿನಲ್ಲಿದೆ. ಚರ್ಚಿನ ಹಾಲ್ ಬಾಡಿಗೆ ಗಂಟೆಗೆ ಇಪ್ಪತ್ತು, ಬಂದವರು ಎಂಟೋ ಒಂಬತ್ತೋ ಜನ, ಅದರಲ್ಲಿ ಇಬ್ಬರು ಚಹಾಕ್ಕೆ. ಎಲ್ಲ ಸೇರಿ ಏಳೆಂಟು ನೂರು ಪೌಂಡ್ ನನ್ನ ಕೈಯಿಂದ. ಹೆಂಡತಿ ಪ್ರತಿ ತಿಂಗಳು ಬ್ಯಾಂಕ್ ಸ್ಟೇಟ್‌ಮೆಂಟ್ ನೋಡಿ, "ಬೆಂಗಳೂರಿಗೆ ಹೋಗಿಬರೋ ಟಿಕೆಟ್ ಆಯ್ತು ಕಣ್ರೀ" ಅಂದದ್ದೂ ಲೆಕ್ಕಕ್ಕೆ ಸೇರಬೇಕು.

ದಾರಿ ತಿರುಗಿದ್ದು ನಾವು ಶಾಂತಿ ಕೇಳುವುದನ್ನು ಬಿಟ್ಟಾಗ. ಕದನವಿರಾಮ, ಪ್ಯಾಲೆಸ್ಟೀನಿಗೆ ಮಾನ್ಯತೆ, ಇಸ್ರೇಲಿಗೆ ಶಸ್ತ್ರಾಸ್ತ್ರ ಮಾರುವ ಲೈಸೆನ್ಸ್: ಇವುಗಳಲ್ಲಿ ಹಿಂಬೆಂಚಿನ ಎಂಪಿಗೆ ಪಕ್ಷದ ವಿಪ್ ಇರುತ್ತದೆ. 2023ರ ನವೆಂಬರಿನಲ್ಲಿ ಕದನವಿರಾಮದ ತಿದ್ದುಪಡಿಗೆ 56 ಲೇಬರ್ ಸದಸ್ಯರು ವಿಪ್ ಮೀರಿ ಮತ ಹಾಕಿದರು, ಕೆಲವರ ಹುದ್ದೆಯೂ ಹೋಯಿತು. ಅಷ್ಟು ಧೈರ್ಯ ಎಲ್ಲರಿಂದ ನಿರೀಕ್ಷಿಸಲಾಗದು. ವಿಪ್ ತಲೆಕೆಡಿಸಿಕೊಳ್ಳದ, ಆದರೆ ಸರ್ಕಾರ ಜಾರಿಕೊಳ್ಳಲಾಗದ ಜಾಗ ಬೇಕಿತ್ತು. ಅದು ಸಿಕ್ಕಿದ್ದು ಶಾಂತಿ ಕೆಲಸದ ನಿಧಿಯ ವಿಷಯದಲ್ಲಿ.

ಉತ್ತರ ಐರ್ಲೆಂಡ್ ಹೊತ್ತಿ ಉರಿಯುತ್ತಿದ್ದಾಗಲೇ, 1986ರಲ್ಲಿ, ಬ್ರಿಟನ್ ಮತ್ತು ಐರ್ಲೆಂಡ್ ಸೇರಿ ಐರ್ಲೆಂಡಿಗೊಂದು ಅಂತಾರಾಷ್ಟ್ರೀಯ ನಿಧಿ ಮಾಡಿದವು. ಅಲ್ಲಿನ ಶಾಂತಿ ಒಪ್ಪಂದ, ಗುಡ್ ಫ್ರೈಡೆ ಒಪ್ಪಂದ, ಆದದ್ದು 1998ರಲ್ಲಿ, ಅಂದರೆ ಹನ್ನೆರಡು ವರ್ಷ ಮೊದಲೇ ಜನರ ನಡುವಿನ ಕೆಲಸಕ್ಕೆ ದುಡ್ಡು ಹರಿದಿತ್ತು. ಅಂಥದ್ದೇ ನಿಧಿ ಇಸ್ರೇಲಿ–ಪ್ಯಾಲೆಸ್ಟೀನಿಯರಿಗೂ ಬೇಕು ಅಂತ ಎರಡೂ ಕಡೆಯ ಶಾಂತಿ ಸಂಘಟನೆಗಳ ಆಲ್‌ಮೆಪ್ ಒಕ್ಕೂಟ ವರ್ಷಗಳಿಂದ ಕೇಳುತ್ತಿದೆ. ಅಮೆರಿಕದಲ್ಲಿ 2020ರ ಕೊನೆಗೆ ಸಂಸದೆ ನೀಟಾ ಲೋವಿ ಹೆಸರಿನ ಕಾಯ್ದೆಯಿಂದ ಐದು ವರ್ಷಕ್ಕೆ 250 ಮಿಲಿಯನ್ ಡಾಲರ್ ಮಂಜೂರಾಗಿತ್ತು. 2024ರ ಡಿಸೆಂಬರಿನಲ್ಲಿ ಸ್ಟಾರ್ಮರ್ ಕೂಡ ಈ ನಿಧಿಗಾಗಿ ಲಂಡನ್ನಿನಲ್ಲಿ ಸಭೆ ಕರೆಯುವ ಮಾತಾಡಿದರು. ಪ್ರಧಾನಿಯೇ ಆಡಿದ ಮಾತು! ನಮಗೆ ಅಷ್ಟು ಸಾಕಿತ್ತು. ಆ ಸಭೆಯ ವಿಷಯ ಎಲ್ಲಿಗೆ ಬಂತು, ದುಡ್ಡೆಷ್ಟು ಎತ್ತಿಟ್ಟಿದ್ದೀರಿ ಅಂತ ಕೇಳಿಸುವುದು. ಆಳುವ ಪಕ್ಷದ ಎಂಪಿಯೂ ಕೇಳಬಹುದು, ವಿರೋಧ ಪಕ್ಷದವರಂತೂ ಖುಷಿಯಿಂದ ಕೇಳುತ್ತಾರೆ.

ಸರ್ಜರಿಗೆ, ಅಂದರೆ ಎಂಪಿ ಕ್ಷೇತ್ರದ ಜನರನ್ನು ಕಂಡು ಅಹವಾಲು ಕೇಳುವ ಭೇಟಿಗೆ, ಹೋದದ್ದು ನಾಲ್ಕು ಜನ. 2021ರಲ್ಲಿ ಎಂಪಿ ಡೇವಿಡ್ ಎಮೆಸ್ ಅವರನ್ನು ಅವರದೇ ಸರ್ಜರಿಯಲ್ಲಿ ಇರಿದು ಕೊಂದ ಮೇಲೆ ಬಹಳ ಕಡೆ ಜಾಗವನ್ನು ಮೊದಲೇ ಹೇಳುವುದಿಲ್ಲ, ಅಪಾಯಿಂಟ್‌ಮೆಂಟ್ ಕಡ್ಡಾಯ. ಹದಿನೈದು ನಿಮಿಷ ಸಿಗುತ್ತದೆ, ಮೊದಲ ಐದು ನಿಮಿಷ ಕೋಟು ಕಳಚುವುದಕ್ಕೇ ಹೋಗುತ್ತದೆ. ಒಳಗೆ ಕೂತಾಗ ನಾನು ಬಾಯಿ ಬಿಡಲಿಲ್ಲ. ಹೈಫಾದವನು ಪೇರೆಂಟ್ಸ್ ಸರ್ಕಲ್ ಬಗ್ಗೆ ಹೇಳಿದ: 1995ರಿಂದ ಎರಡೂ ಕಡೆಯ, ಮನೆಯವರನ್ನು ಕಳೆದುಕೊಂಡ ಕುಟುಂಬಗಳು ಒಟ್ಟಿಗೆ ಕೂರುವ ಸಂಘ. ನಾಬ್ಲಸ್‌ನವಳು ಚೆಕ್‌ಪಾಯಿಂಟ್ ದಾಟಿ ಅಂಥ ಸಭೆಗೆ ಬರಲು ಪರ್ಮಿಟ್ಟಿಗೆ ಏನೇನು ಪಾಡು ಅನ್ನುವುದನ್ನು ಹೇಳಿದಳು. ಇಸ್ರೇಲಿನ ಬೇಎರಿಯಲ್ಲಿ ಅಕ್ಟೋಬರ್ 7ರಂದು ಕೊಲೆಯಾದ ಶಾಂತಿ ಕಾರ್ಯಕರ್ತೆ ವಿವಿಯನ್ ಸಿಲ್ವರ್ ಹೆಸರು ಎತ್ತಿದ್ದೂ ಅವಳೇ. ಎಂಪಿ ಬರೆದುಕೊಳ್ಳುವುದನ್ನು ನಿಲ್ಲಿಸಿ ಅವಳನ್ನೇ ನೋಡುತ್ತಿದ್ದರು. ಕೊನೆಗೆ ನಾನು ಒಂದು ಹಾಳೆ ಕೊಟ್ಟೆ: ಎರಡು ವಾಕ್ಯದ ಪ್ರಶ್ನೆ, ಕೆಳಗೆ ನಾಲ್ವರ ಪೋಸ್ಟ್‌ಕೋಡ್.

ಆ ಹಾಳೆಯಲ್ಲಿ ಇನ್ನೊಂದು ಸಣ್ಣ ಕೆಲಸ ಮಾಡಿದ್ದೆ, ಅದರಿಂದಲೇ ಎಂಪಿ ಕಚೇರಿಯ ಕೇಸ್‌ವರ್ಕರ್ ಅದನ್ನು ಫೈಲಿಗೆ ಸೇರಿಸದೆ ಮೇಜಿನ ಮೇಲೆ ಇಟ್ಟುಕೊಂಡಳು. ಅದೇನು ಅಂತ ಇಲ್ಲಿ ಬರೆಯುವುದಿಲ್ಲ; ನಾಳೆ ಎಲ್ಲರೂ ಮಾಡಿದರೆ ನನಗೇ ಕೆಲಸಕ್ಕೆ ಬಾರದು. ಯಾವ ವಾರ, ಯಾವ ಹೊತ್ತಿಗೆ ಅಪಾಯಿಂಟ್‌ಮೆಂಟ್ ಕೇಳಬೇಕು ಅನ್ನುವುದೂ ಅಷ್ಟೇ. ಈಸ್ಟರ್ ರಜೆಯ ಹಿಂದಿನ ವಾರ ಬೇಡ ಅಂತ ಮಾತ್ರ ಹೇಳಬಲ್ಲೆ.

ನಡುವೆ ಕೆಲವು ಅಡ್ಡ ಪ್ರಯೋಗಗಳು. ಮೇಲ್ಮನೆಯ ಲಾರ್ಡ್‌ಗಳಿಗೆ ಕ್ಷೇತ್ರವಿಲ್ಲ, ಹಾಗಾಗಿ ಯಾರು ಯಾರಿಗೆ ಬೇಕಾದರೂ ಬರೆಯಬಹುದು. ಕೈಬರಹದ ಹತ್ತಿಪ್ಪತ್ತು ಪತ್ರ ಹಾಕಿದೆ, ಆಗ ಸ್ಟಾಂಪು ಒಂದಕ್ಕೆ ಒಂದೂ ಮುಕ್ಕಾಲು ಪೌಂಡ್ ಹತ್ತಿರ. ಒಬ್ಬರು ದಪ್ಪ ಕಾಗದದಲ್ಲಿ ಕೈಬರಹದಲ್ಲೇ ಉತ್ತರಿಸಿದರು, ಅದನ್ನು ಫ್ರೇಮ್ ಹಾಕಿಸಿದ್ದೇನೆ, ಬೇರೆ ಉಪಯೋಗವಾಗಿಲ್ಲ. ಇನ್ನೊಂದು ಪ್ರಯೋಗ ನನ್ನ ಮೆಚ್ಚಿನದು: 1918ರ ಸೆಪ್ಟೆಂಬರ್ 23ರಂದು ಬ್ರಿಟಿಷರ ಪರವಾಗಿ ಹೈಫಾ ಗೆದ್ದ ಕುದುರೆಪಡೆಯಲ್ಲಿ ನಮ್ಮ ಮೈಸೂರು ಲ್ಯಾನ್ಸರ್ಸ್ ಇದ್ದರಲ್ಲ, ಜೋಧಪುರದವರ ಜೊತೆ? "ನಮ್ಮೂರಿನವರೂ ಆ ಊರಿಗಾಗಿ ಸತ್ತಿದ್ದಾರೆ, ನನಗೂ ಮಾತಾಡುವ ಹಕ್ಕಿದೆ" ಅಂತ ಎರಡು ಪುಟ ಬರೆದೆ. ಹೈಫಾದವನಿಗೆ ಬಹಳ ಇಷ್ಟವಾಯಿತು. ನಾಬ್ಲಸ್‌ನವಳು ಓದಿ, "ಅಂದರೆ ನಮ್ಮ ಮೇಲೆ ಬ್ರಿಟಿಷರನ್ನು ತಂದು ಕೂರಿಸಿದ್ದು ನೀವೇ" ಅಂದಳು. ಪತ್ರ ಹೋಗಲಿಲ್ಲ.

ಸರ್ಜರಿಯಾಗಿ ಆರೇಳು ವಾರಕ್ಕೆ ಪ್ರಶ್ನೆ ಬಿತ್ತು. ಉತ್ತರದಲ್ಲಿ ಅರ್ಧ ಎಂದಿನ ಪಲ್ಲವಿ. ಆದರೂ ಲಿಖಿತ ಉತ್ತರಕ್ಕೆ ಒಂದು ಗುಣ: ಮುಂದಿನ ಪ್ರಶ್ನೆಯನ್ನು ಅದರ ಮೇಲೇ ಕಟ್ಟಬಹುದು. "ಇಂಥ ದಿನ ಹೀಗೆ ಹೇಳಿದ್ದೀರಿ, ಆಮೇಲೇನಾಯಿತು?" ಅದೇ ಬೇಸಿಗೆಯಲ್ಲಿ 220ಕ್ಕೂ ಹೆಚ್ಚು ಎಂಪಿಗಳು ಪ್ಯಾಲೆಸ್ಟೀನ್ ಮಾನ್ಯತೆಗೆ ಪತ್ರ ಬರೆದರು, ಸೆಪ್ಟೆಂಬರ್ 21ಕ್ಕೆ ಬ್ರಿಟನ್ ಮಾನ್ಯತೆ ಕೊಟ್ಟೇಬಿಟ್ಟಿತು. ಅದು ದೊಡ್ಡವರ ಆಟ, ಅದರಲ್ಲಿ ನಮ್ಮ ಪಾಲಿಲ್ಲ. ಆದರೆ ಅಮೆರಿಕದಲ್ಲಿ ವಿದೇಶಿ ನೆರವಿನ ಸಂಸ್ಥೆ ಯುಎಸ್‌ಏಡ್ ಮುಚ್ಚಿದ ಮೇಲೆ ಅಲ್ಲಿನ ದುಡ್ಡು ನಂಬಿದ್ದ ಸಂಘಗಳು ಕಂಗಾಲಾಗಿವೆ, ಹಾಗಾಗಿ ಬ್ರಿಟನ್ನಿನ ಪೌಂಡಿನ ಪ್ರಶ್ನೆಗೆ ಈಗ ಮೊದಲಿಗಿಂತ ಬೆಲೆ ಹೆಚ್ಚು.

ಎರಡನೆಯ ಪ್ರಶ್ನೆ ಸಿದ್ಧವಾಗಿದೆ, ಈ ಬಾರಿ ಒಂದೇ ವಾಕ್ಯ. ಕೂಟದ ಆ ಹಿರಿಯರೂ ಬರುತ್ತೇನೆ ಅಂದಿದ್ದಾರೆ. ಅವರ ಮನೆ ಪಕ್ಕದ ಕ್ಷೇತ್ರಕ್ಕೆ ಬೀಳುತ್ತದೆ, ಅವರ ಎಂಪಿಯ ಹತ್ತಿರ ಅವರೇ ಹೋಗಬೇಕು. ಹಾಳೆ ಬೇಕಾದರೆ ನಾನು ಬರೆದುಕೊಡುತ್ತೇನೆ.