ಊರಿನ ಯೋಧನ ಹೆಸರನ್ನು ರಸ್ತೆಗೆ ಇಡಿಸೋದು ಹೇಗೆ?

ಅಂತ್ಯಸಂಸ್ಕಾರದ ದಿನ ಎಲ್ಲರ ಬಾಯಲ್ಲೂ ಒಂದೇ ಮಾತು: "ಈ ರಸ್ತೆಗೆ ನಮ್ಮ ಹುಡುಗನ ಹೆಸರೇ ಇಡೋಣ." ಬಂದ ಮುಖಂಡರೂ ಮೈಕಿನಲ್ಲಿ ಒಪ್ಪುತ್ತಾರೆ. ಯುವಕ ಸಂಘದವರು ಒಂದು ಫ್ಲೆಕ್ಸ್ ಕಟ್ಟುತ್ತಾರೆ, ಮೊದಲ ಮಳೆಗೆ ಅದು ಹರಿದು ಹೋಗುತ್ತದೆ. ದಾಖಲೆಯಲ್ಲಿ ಮಾತ್ರ ರಸ್ತೆ ಹಳೆಯ ಹೆಸರಲ್ಲೇ ಇರುತ್ತದೆ. ಠರಾವು, ಅಂದರೆ ಸಭೆಯ ಅಧಿಕೃತ ನಿರ್ಣಯ, ಆಗದ ಹೆಸರಿಗೆ ಆಯುಷ್ಯ ಕಡಿಮೆ. ಆದ್ದರಿಂದ ಫ್ಲೆಕ್ಸ್ ಆಮೇಲೆ, ಮೊದಲು ಕಾಗದ.

ಕಾಗದಕ್ಕೂ ಮುಂಚೆ ಮನೆಯವರು. ಹೆಂಡತಿ ಮತ್ತು ತಂದೆ-ತಾಯಿ, ಇಬ್ಬರ ಕಡೆಯಿಂದಲೂ ಬರವಣಿಗೆಯಲ್ಲಿ ಒಪ್ಪಿಗೆ ತೆಗೆದುಕೊಳ್ಳಿ. ಪರಿಹಾರದ ವಿಚಾರದಲ್ಲಿ ಎರಡು ಕಡೆಯವರು ಮಾತು ಬಿಟ್ಟಿರುವ ಮನೆಗಳೂ ಇವೆ, ಅಂಥ ಕಡೆ ಒಬ್ಬರನ್ನೇ ಕೇಳಿಕೊಂಡು ಮುಂದೆ ಹೋದರೆ ನಾಮಫಲಕದ ದಿನ ಜಗಳ ಗ್ಯಾರಂಟಿ. ಹೆಸರು ಹೇಗೆ ಬರೆಯಬೇಕು, ಇನಿಷಿಯಲ್ ಏನು, ರ‍್ಯಾಂಕ್ ಯಾವುದು ಅಂತ ಅವರ ಹತ್ತಿರವೇ ಬರೆಸಿಕೊಳ್ಳಿ. ಸಿಪಾಯಿ, ಲ್ಯಾನ್ಸ್ ನಾಯಕ್, ನಾಯಕ್, ಹವಾಲ್ದಾರ್ ಎಲ್ಲ ಬೇರೆ ಬೇರೆ. ಬೋರ್ಡಿನಲ್ಲಿ ತಪ್ಪಾದರೆ ಅವರ ರೆಜಿಮೆಂಟಿನವರು ಬಂದಾಗ ಮೊದಲು ಕಣ್ಣಿಗೆ ಬೀಳೋದು ಅದೇ.

ಈಗ ರಸ್ತೆ ಯಾರದ್ದು ಅಂತ ನೋಡಬೇಕು. ಅರ್ಧ ಅರ್ಜಿಗಳು ತಪ್ಪು ಕಚೇರಿಗೆ ಹೋಗಿ ಅಲ್ಲೇ ಕೊಳೆಯೋದು ಇದನ್ನು ನೋಡದೇ ಇರೋದರಿಂದ. ಸುಲಭದ ಗುರುತು ಇದೆ. ರಸ್ತೆ ಪಕ್ಕದ ಕಿಲೋಮೀಟರ್ ಕಲ್ಲಿನ ತಲೆ ಹಳದಿ ಇದ್ದರೆ ರಾಷ್ಟ್ರೀಯ ಹೆದ್ದಾರಿ, ಹಸಿರು ಇದ್ದರೆ ರಾಜ್ಯ ಹೆದ್ದಾರಿ, ಕಿತ್ತಳೆ ಇದ್ದರೆ ಗ್ರಾಮೀಣ ರಸ್ತೆ. ರಾಜ್ಯ ಹೆದ್ದಾರಿ, ಜಿಲ್ಲಾ ಮುಖ್ಯ ರಸ್ತೆ ಲೋಕೋಪಯೋಗಿ ಇಲಾಖೆಗೆ ಸೇರುತ್ತವೆ. ಊರೊಳಗಿನದು ಗ್ರಾಮ ಪಂಚಾಯಿತಿಗೆ, ಪಟ್ಟಣವಾದರೆ ಪುರಸಭೆ ಅಥವಾ ನಗರಸಭೆಗೆ. ರಾಷ್ಟ್ರೀಯ ಹೆದ್ದಾರಿ ಕೇಂದ್ರದ್ದು, ಅಲ್ಲಿ ಪಂಚಾಯಿತಿ ಠರಾವು ಒಂದೇ ಸಾಲದು.

ನನ್ನ ಅಭಿಪ್ರಾಯ ಕೇಳಿದರೆ, ಇಡೀ ಹೆದ್ದಾರಿಗೆ ಹೆಸರು ಕೇಳಲೇಬೇಡಿ. ಹೆದ್ದಾರಿ ಬಿಟ್ಟು ಊರೊಳಗೆ ಬರುವ ರಸ್ತೆಯನ್ನೋ, ಪಟ್ಟಣದ ಮಿತಿಯೊಳಗಿನ ಒಂದು ತುಂಡನ್ನೋ ಕೇಳಿ. 26/11ರಲ್ಲಿ ಮುಂಬೈನ ತಾಜ್ ಹೋಟೆಲಿನಲ್ಲಿ ಪ್ರಾಣ ಕೊಟ್ಟ ಮೇಜರ್ ಸಂದೀಪ್ ಉನ್ನಿಕೃಷ್ಣನ್ ಅವರ ಹೆಸರು ಬೆಂಗಳೂರಿನ ಯಲಹಂಕದಲ್ಲಿ ಇರೋದು ದೊಡ್ಡಬಳ್ಳಾಪುರ ರಸ್ತೆಯ ಒಂದು ಭಾಗಕ್ಕೆ, ಪೂರ್ತಿ ರಸ್ತೆಗಲ್ಲ. ಆದರೂ ದಿನಾ ಸಾವಿರಾರು ಜನ ಆ ಬೋರ್ಡ್ ನೋಡುತ್ತಾರೆ. ಸರ್ಕಲ್ಲೂ ಆಗಬಹುದು. ಮಡಿಕೇರಿಯಲ್ಲಿ ಸ್ಕ್ವಾಡ್ರನ್ ಲೀಡರ್ ಅಜ್ಜಮಾಡ ದೇವಯ್ಯ ಅವರ ಹೆಸರಿನ ವೃತ್ತ ಇದೆ. 1965ರ ಸೆಪ್ಟೆಂಬರ್ 7ರಂದು ಸರ್ಗೋಧಾ ವಾಯುನೆಲೆ ಮೇಲಿನ ದಾಳಿಯಲ್ಲಿ ಅವರು ಪಾಕಿಸ್ತಾನದ ಸ್ಟಾರ್‌ಫೈಟರ್ ವಿಮಾನವನ್ನು ಹೊಡೆದುರುಳಿಸಿ ತಾವೂ ಹೋದರು, ಮಹಾವೀರ ಚಕ್ರ ಸಿಕ್ಕಿದ್ದು ಮಾತ್ರ 1988ರಲ್ಲಿ. ಅಂದರೆ ತಡವಾಯಿತು ಅಂತ ಕೈಬಿಡಬೇಕಿಲ್ಲ. ನಿಮ್ಮೂರಿನಲ್ಲೂ 1962, 65, 71ರಲ್ಲಿ ಹೋದವರು ಇದ್ದಾರಾ ಅಂತ ಹಿರಿಯರನ್ನು ಒಮ್ಮೆ ಕೇಳಿ ನೋಡಿ. ಒಬ್ಬರಿಗೆ ಅರ್ಜಿ ಕೊಟ್ಟ ಮೇಲೆ ಇನ್ನೊಬ್ಬರ ಮನೆಯವರು "ನಮ್ಮವರು ಲೆಕ್ಕಕ್ಕಿಲ್ವಾ?" ಅಂದರೆ ಏನು ಉತ್ತರ ಕೊಡ್ತೀರಿ?

ದಾಖಲೆ ವಿಷಯ. ಭೂಸೇನೆ, ನೌಕಾಸೇನೆ, ವಾಯುಸೇನೆಯವರಾದರೆ ಬ್ಯಾಟಲ್ ಕ್ಯಾಶುವಾಲ್ಟಿ ಪ್ರಮಾಣಪತ್ರದ (ಹುತಾತ್ಮರಾದದ್ದಕ್ಕೆ ಸೇನೆ ಕೊಡುವ ಪತ್ರ) ಪ್ರತಿ ಲಗತ್ತಿಸಿ. ಮನೆಯಲ್ಲಿ ಸಿಗದಿದ್ದರೆ ಸೈನಿಕ ಕಲ್ಯಾಣ ಮತ್ತು ಪುನರ್ವಸತಿ ಇಲಾಖೆಯ ಜಿಲ್ಲಾ ಕಚೇರಿಯಲ್ಲಿ ವಿಚಾರಿಸಿ. ಸಿಆರ್‌ಪಿಎಫ್, ಬಿಎಸ್‌ಎಫ್‌ನವರದು ಬೇರೆ ದಾರಿ, ಅವು ಗೃಹ ಸಚಿವಾಲಯದ ಕೆಳಗೆ ಬರುತ್ತವೆ. 2019ರ ಪುಲ್ವಾಮಾ ದಾಳಿಯಲ್ಲಿ ಹೋದ ಮದ್ದೂರು ತಾಲ್ಲೂಕಿನ ಎಚ್. ಗುರು ಸಿಆರ್‌ಪಿಎಫ್‌ನವರು. ಅಂಥವರಿಗೆ ಆಪರೇಷನಲ್ ಕ್ಯಾಶುವಾಲ್ಟಿ ಪ್ರಮಾಣಪತ್ರ ಇರುತ್ತದೆ, ಅದನ್ನು ಕೊಡಿ. ಸಭೆಯಲ್ಲಿ ಯಾರಾದರೂ ಒಬ್ಬರು "ಯುದ್ಧದಲ್ಲಿ ಸತ್ತಿದ್ದಲ್ವಲ್ಲ" ಅಂತ ರಾಗ ತೆಗೆಯೋದುಂಟು. ಕುಂದಗೋಳ ತಾಲ್ಲೂಕಿನ ಬೆಟದೂರಿನ ಲ್ಯಾನ್ಸ್ ನಾಯಕ್ ಹನುಮಂತಪ್ಪ ಕೊಪ್ಪದ ಅವರನ್ನು ನೆನಪಿಸಿ. 2016ರಲ್ಲಿ ಸಿಯಾಚಿನ್‌ನಲ್ಲಿ ಅವರ ಮೇಲೆ ಬಿದ್ದದ್ದು ಗುಂಡಲ್ಲ, ಹಿಮ.

ಅರ್ಜಿ ಒಂದೇ ಪುಟ ಸಾಕು. ಹೊಗಳಿಕೆ ಕಡಿಮೆ, ವಿವರ ಜಾಸ್ತಿ ಇರಲಿ. ಹೀಗೆ ಬರೆಯಬಹುದು: "ನಮ್ಮ ಪಂಚಾಯಿತಿ ವ್ಯಾಪ್ತಿಯ ಬಸ್ ನಿಲ್ದಾಣದಿಂದ ಸರ್ಕಾರಿ ಶಾಲೆವರೆಗಿನ, ಸುಮಾರು ಇಷ್ಟು ಮೀಟರ್ ಉದ್ದದ ರಸ್ತೆಗೆ ಯೋಧ ಇಂಥವರ ಹೆಸರಿಡುವ ವಿಷಯವನ್ನು ಮುಂದಿನ ಸಭೆಯ ಅಜೆಂಡಾಕ್ಕೆ ಸೇರಿಸಿ ಠರಾವು ಮಾಡಬೇಕೆಂದು ಕೋರುತ್ತೇವೆ." ಎಲ್ಲಿಂದ ಎಲ್ಲಿವರೆಗೆ ಅನ್ನೋದು ಸ್ಪಷ್ಟವಾಗಿರಬೇಕು, ಜೊತೆಗೊಂದು ಕೈನಕ್ಷೆ ಇದ್ದರೆ ಒಳ್ಳೆಯದು. ಪಿಡಿಒ (ಪಂಚಾಯಿತಿ ಅಭಿವೃದ್ಧಿ ಅಧಿಕಾರಿ) ಅಥವಾ ಪುರಸಭೆಯ ಮುಖ್ಯಾಧಿಕಾರಿಗೆ ಕೊಟ್ಟು, ನಿಮ್ಮ ಪ್ರತಿಯ ಮೇಲೆ ಸೀಲು ಹಾಕಿಸಿಕೊಳ್ಳದೆ ಎದ್ದು ಬರಬೇಡಿ. ಹಳ್ಳಿಯಾದರೆ ಗ್ರಾಮಸಭೆಯಲ್ಲೂ ವಿಷಯ ಎತ್ತಿ. ಆರು ತಿಂಗಳಿಗೊಮ್ಮೆಯಾದರೂ ಅದು ನಡೆಯಲೇಬೇಕು. ಚುನಾವಣೆ ನೀತಿ ಸಂಹಿತೆ ಹತ್ತಿರ ಇದ್ದರೆ ಅದಕ್ಕೂ ಮುಂಚೆ ಮುಗಿಸಿ, ಇಲ್ಲದಿದ್ದರೆ ಕಡತ ಅಲ್ಲೇ ಮಲಗುತ್ತದೆ.

ನಗರಗಳಲ್ಲಿ ಠರಾವಿನ ಜೊತೆಗೆ ಪತ್ರಿಕೆಯಲ್ಲಿ ಪ್ರಕಟಣೆ ಕೊಟ್ಟು, ಸಾಮಾನ್ಯವಾಗಿ 30 ದಿನ ಆಕ್ಷೇಪಣೆಗೆ ಬಿಡುತ್ತಾರೆ. ಇದನ್ನು ಹಗುರವಾಗಿ ನೋಡಬೇಡಿ. 2024ರ ಕೊನೆಯಲ್ಲಿ ಮೈಸೂರಿನ ಕೆಆರ್‌ಎಸ್ ರಸ್ತೆಯ ಒಂದು ಭಾಗಕ್ಕೆ ಆಗ ಮುಖ್ಯಮಂತ್ರಿಯಾಗಿದ್ದ ಸಿದ್ದರಾಮಯ್ಯ ಅವರ ಹೆಸರಿಡುವ ಪ್ರಸ್ತಾವ ಬಂದಾಗ, ಅದಕ್ಕೆ ಮೊದಲೇ ಪ್ರಿನ್ಸೆಸ್ ರಸ್ತೆ ಅಂತ ಹೆಸರಿದೆ ಅಂತ ದೊಡ್ಡ ಗಲಾಟೆಯೇ ಆಯಿತು. ಹಾಗಾಗಿ ಹೆಸರೇ ಇಲ್ಲದ ರಸ್ತೆ, ಅಥವಾ ಬರೀ ನಂಬರಿನ ಅಡ್ಡರಸ್ತೆ ಹುಡುಕಿ. ಅಂಗಡಿ, ಮನೆ ಕಡಿಮೆ ಇದ್ದಷ್ಟೂ ಒಳ್ಳೆಯದು. ಬ್ಯಾಂಕು, ಆಧಾರ್, ಜಿಎಸ್‌ಟಿ ಎಲ್ಲದರಲ್ಲೂ ವಿಳಾಸ ಬದಲಿಸಬೇಕಾ ಅಂತ ಹೆದರುವವರು ಜಾಸ್ತಿ, ಅವರ ಮನೆಗಳಿಗೆ ಮೊದಲೇ ಹೋಗಿ ಮಾತಾಡಿ.

ಪ್ರತಿಮೆ ಬೇಕು ಅನ್ನುವವರು ಎಲ್ಲ ಊರಲ್ಲೂ ಇರುತ್ತಾರೆ. ರಸ್ತೆ, ಫುಟ್‌ಪಾತ್ ಮೇಲೆ ಹೊಸದಾಗಿ ಪ್ರತಿಮೆ ಅಥವಾ ಕಟ್ಟಡ ಕಟ್ಟಲು ಅನುಮತಿ ಕೊಡಬಾರದು ಅಂತ ಸುಪ್ರೀಂ ಕೋರ್ಟ್ 2013ರ ಜನವರಿಯಲ್ಲೇ ಹೇಳಿದೆ. ಬೇಕೇ ಬೇಕು ಅಂದರೆ ಅವರು ಓದಿದ ಶಾಲೆಯ ಆವರಣವೋ, ಪಂಚಾಯಿತಿ ಜಾಗವೋ ನೋಡಿ. ಎರಡನ್ನೂ ಒಂದೇ ಅರ್ಜಿಯಲ್ಲಿ ಮಾತ್ರ ಸೇರಿಸಬೇಡಿ, ಪ್ರತಿಮೆ ಕೆಟ್ಟರೆ ರಸ್ತೆಯ ಹೆಸರೂ ಸಿಕ್ಕಿಹಾಕಿಕೊಳ್ಳುತ್ತದೆ.

ಠರಾವು ಆದ ಮೇಲೆ ಅದರ ದೃಢೀಕೃತ ಪ್ರತಿ ತೆಗೆದುಕೊಳ್ಳಿ, ಸುಮ್ನೆ ಓಡಾಡಿಸಿದರೆ ಆರ್‌ಟಿಐ ಹಾಕಿ. ಬೋರ್ಡು ರಸ್ತೆಯ ಎರಡೂ ತುದಿಗೆ ಬೇಕು, ಫ್ಲೆಕ್ಸ್ ಅಲ್ಲ, ತಗಡಿನದು ಅಥವಾ ಕಲ್ಲಿನದು. ಹೆಸರು, ರ‍್ಯಾಂಕ್, ಊರು, ಹುತಾತ್ಮರಾದ ದಿನಾಂಕ ಇದ್ದರೆ ಸಾಕು, ದಾನಿಗಳ ಫೋಟೊ ಬೇಡ. ಅನಾವರಣವನ್ನು ಜುಲೈ 26ರ ಕಾರ್ಗಿಲ್ ವಿಜಯ ದಿವಸಕ್ಕೋ ಡಿಸೆಂಬರ್ 7ರ ಸಶಸ್ತ್ರ ಪಡೆಗಳ ಧ್ವಜ ದಿನಕ್ಕೋ ಇಟ್ಟುಕೊಂಡರೆ ಮಾಜಿ ಸೈನಿಕರ ಸಂಘದವರೂ ಬರುತ್ತಾರೆ. ಬಣ್ಣ ಮಾಸಿದರೆ ಯಾರು ಬಳಿಸಬೇಕು ಅನ್ನೋದನ್ನು ಠರಾವಿನಲ್ಲೇ ಒಂದು ಸಾಲು ಸೇರಿಸಿ. ಗೂಗಲ್ ಮ್ಯಾಪ್‌ನಲ್ಲಿ ಹೆಸರು ಬದಲಿಸಲು ಬೋರ್ಡಿನ ಫೋಟೊ ಹಾಕಿ ತಿದ್ದುಪಡಿ ಸೂಚಿಸಿ. ಒಬ್ಬರೇ ಕಳಿಸಿ ಆಗಲಿಲ್ಲ ಅಂದರೆ ಆ ರಸ್ತೆಯ ನಾಲ್ಕೈದು ಮನೆಯವರ ಫೋನಿನಿಂದಲೂ ಕಳಿಸಿ ನೋಡಿ.